ಜಂಬಣ್ಣನವರ ಲೈನ್ ಕ್ಲಿಯರ್

ನನ್ನ ಗಂಡ ಜಂಬಣ್ಣನವರು ಯಾವುದನ್ನೇ ಆಗಲಿ ಮೊದಲು ಹಿಂಗೈಯಿಂದ ಮುಟ್ಟುತ್ತಿದ್ದರು. ಒಲೆಯ ಮೇಲಿನ ಪಾತ್ರೆ, ಜ್ವರ ಬಂದ ಮಗುವಿನ ಹಣೆ, ಹೊಸದಾಗಿ ತಂದ ಫ್ರಿಜ್ಜು, ಎಲ್ಲವನ್ನೂ ಹಾಗೆಯೇ. ಕರೆಂಟಿನ ಕಂಬ ಹತ್ತುವವರ ರೂಢಿ ಅದು. ತಂತಿಯಲ್ಲಿ ಕರೆಂಟಿದ್ದರೆ ಬೆರಳುಗಳು ತಾವಾಗಿಯೇ ಮುಷ್ಟಿ ಕಟ್ಟಿಕೊಳ್ಳುತ್ತವೆ. ಅಂಗೈಯಿಂದ ಮುಟ್ಟಿದವನು ತಂತಿಯನ್ನೇ ಹಿಡಿದು ನಿಂತುಬಿಡುತ್ತಾನೆ, ಹಿಂಗೈಯಿಂದ ಮುಟ್ಟಿದವನ ಕೈ ಹಿಂದಕ್ಕೆ ಬರುತ್ತದೆ. ಮದುವೆಯಾದ ಹೊಸದರಲ್ಲಿ ನನ್ನ ಕೆನ್ನೆಯನ್ನೂ ಹಾಗೆ ಮುಟ್ಟಿದಾಗ ನಾನು ನಕ್ಕಿದ್ದೆ.

"ನನ್ನಾಗ ಏನ್ ಕರೆಂಟ್ ಐತೇನ್ರಿ?"

"ಯಾರಿಗೆ ಗೊತ್ತು, ಬಿ.ಎ. ಓದಿದಾಕಿ" ಅಂದಿದ್ದರು.

ಕೊಟ್ಟೂರಿನ ಸುತ್ತ, ಅತ್ತ ಚಿಗಟೇರಿಯವರೆಗೆ, ಇತ್ತ ಕೂಡ್ಲಿಗಿಯ ದಾರಿಯವರೆಗೆ ಅವರು ಹತ್ತದ ಕಂಬವಿಲ್ಲ. ಲೈನ್‌ಮನ್ ಆಗಿ ಸೇರಿ ಲೈನ್‌ಮನ್ ಆಗಿಯೇ ನಿವೃತ್ತರಾದರು. ಆಮೇಲೆ ಒಂದು ಬೆಳಿಗ್ಗೆ ಚಹಾದ ಲೋಟ ಅವರ ಬಲಗೈಯಿಂದ ಜಾರಿತು. ಲೋಟದ ಹಿಂದೆಯೇ ಅವರೂ ಕುಸಿದರು. ಆಸ್ಪತ್ರೆಯಿಂದ ಮನೆಗೆ ಬಂದಾಗ ಮಾತು ತಿರುಗಿ ಬಂದಿತ್ತು, ಕಾಲು ಅರ್ಧ ಬಂದಿತ್ತು, ಬಲಗೈ ಮಾತ್ರ ಬಂದಿರಲಿಲ್ಲ. ಬೆರಳಿಗೆ ಕೆಲಸ ಕೊಡಿ ಎಂದು ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಇವರು ಎರಡು ದಿನ ಹಿಸುಕಿ ಅದನ್ನು ಕಿಟಕಿಯ ಮೇಲೆ ಇಟ್ಟುಬಿಟ್ಟರು. "ಚೆಂಡು ಹಿಸುಕೋದು ಒಂದು ಕೆಲಸನಾ?"

ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಗಂಗಾಧರ ಈ ಸುದ್ದಿ ಕೇಳಿ ಒಂದು ಆಟದ ಪೆಟ್ಟಿಗೆ ತಂದು ನಮ್ಮ ಟಿವಿಗೆ ಜೋಡಿಸಿದ. ಯಾರೋ ರಿಪೇರಿಗೆಂದು ಬಿಟ್ಟುಹೋದವರು ಮರಳಿ ಬಂದಿರಲಿಲ್ಲವಂತೆ. ಎರಡೂ ಕೈಯಲ್ಲಿ ಹಿಡಿದು ಆಡುವ ಅದರ ಕಂಟ್ರೋಲರಿಗೆ ಇವರು 'ಹಿಡಿಕಿ' ಎಂದು ಹೆಸರಿಟ್ಟರು. ಮರುದಿನ ಗಂಗಾಧರ ಮತ್ತೆ ಬಂದು, ಸೋತ ಬೆರಳು ಜಾರಬಾರದೆಂದು, ಬಲಗಡೆಯ ಗುಂಡಿಗೆ ಸೈಕಲ್ ಟ್ಯೂಬಿನ ಒಂದು ಚೂರು ಅಂಟಿಸಿಹೋದ. ಯಾರೂ ಹೇಳಿರಲಿಲ್ಲ. ಅವನಿಗೇ ಹೊಳೆದಿತ್ತು.

ಆಟ ಹೀಗಿತ್ತು. ಮಂಜು ತುಂಬಿದ ಒಂದು ಕಣಿವೆ. ಅದರಲ್ಲಿ ಯಾರೋ ಯಾವಾಗಲೋ ಕಟ್ಟಿ ಬಿಟ್ಟುಹೋದ ಪಾಳು ಗೋಪುರಗಳು. ಜಡೆ ಹಾಕಿದ ಒಂದು ಹುಡುಗಿ ಅವುಗಳನ್ನು ಹತ್ತಬೇಕು. ಎಡಗಡೆಯ ಗುಂಡಿ ಒತ್ತಿದರೆ ಅವಳ ಎಡಗೈ ಕಲ್ಲನ್ನು ಹಿಡಿಯುತ್ತದೆ, ಬಲಗಡೆಯದು ಒತ್ತಿದರೆ ಬಲಗೈ. ಬಿಟ್ಟರೆ ಬಿಟ್ಟಂತೆ. ತೂಗುತ್ತಾಳೆ, ಜೀಕುತ್ತಾಳೆ, ಗಾಳಿಯಲ್ಲಿ ಲಾಗ ಹಾಕಿ ಇನ್ನೊಂದು ಗೋಡೆಗೆ ಹಾರುತ್ತಾಳೆ. ಬಿದ್ದರೆ ಹಿಡಿಕೆ ಕೈಯಲ್ಲಿ ಗುರ್ರೆಂದು ನಡುಗುತ್ತದೆ, ಪರದೆ ಕಪ್ಪಾಗುತ್ತದೆ, ಮತ್ತೆ ಬೆಳಕಾದಾಗ ಅವಳು ಕೊನೆಯ ಸಲ ಮಲಗಿದ್ದ ತಾವಿನಲ್ಲಿ ಎದ್ದು ನಿಂತಿರುತ್ತಾಳೆ. ಆದರೆ ಎಲ್ಲಿಂದ ಬಿದ್ದಳೋ ಅಲ್ಲಿ ಒಂದು ಸಣ್ಣ ದೀಪ ಉಳಿಯುತ್ತದೆ. ಆ ದೀಪದ ಹತ್ತಿರ ಹೋದರೆ ಅವಳದೇ ನೆರಳೊಂದು ಎದ್ದುಬಂದು, ಆವತ್ತು ಹೇಗೆ ಬಿದ್ದಿತ್ತೋ ಹಾಗೆಯೇ ಇನ್ನೊಮ್ಮೆ ಬಿದ್ದು ತೋರಿಸುತ್ತದೆ.

"ಬೆಲ್ಟ್ ಇಲ್ಲ, ಹೆಲ್ಮೆಟ್ ಇಲ್ಲ, ಕೆಳಗ ನೋಡಾಕ ಒಬ್ಬ ಮನಷಾ ಇಲ್ಲ" ಎಂದು ಇವರು ಮೊದಲ ದಿನವೇ ಸಿಟ್ಟಾದರು. "ಈ ಕೂಸಿನ್ನ ಯಾವನಲೇ ಕೆಲಸಕ್ಕ ತಗೊಂಡಾಂವ?"

"ಗುತ್ತಿಗಿ ಮ್ಯಾಲ ತಗೊಂಡಿರಬೇಕು ಬಿಡಲೇ" ಎಂದರು ಹೊನ್ನೂರಸ್ವಾಮಿ. ಅವರು ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಆಗಿದ್ದವರು, ಇವರ ಜೀವದ ಗೆಳೆಯ. ಜಂಬಣ್ಣನವರು ಕಂಬದ ಮೇಲೆ, ಹೊನ್ನೂರಸ್ವಾಮಿ ಸ್ವಿಚ್ಚಿನ ಮುಂದೆ. ಇಬ್ಬರ ನಡುವೆ ಒಂದು ಫೋನು. ಹೀಗೆ ಮೂವತ್ತು ವರ್ಷ ಕಳೆದಿದ್ದರು.

ಅವರ ಕೆಲಸದಲ್ಲಿ ಒಂದು ಕಟ್ಟಳೆ ಇದೆ. ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್ನಿಗೆ ಫೋನು ಮಾಡಿ ಲೈನ್ ಕ್ಲಿಯರ್ ಕೇಳಬೇಕು. ಎಲ್‌ಸಿ ಎನ್ನುತ್ತಾರೆ. ಆಪರೇಟರ್ ಆ ಲೈನಿನ ಕರೆಂಟು ತೆಗೆದು ಎಲ್‌ಸಿ ಕೊಡುತ್ತಾನೆ. ಕೆಲಸ ಮುಗಿದ ಮೇಲೆ ಅದನ್ನು ಹಿಂದಿರುಗಿಸಬೇಕು, ಅದೂ ಯಾರು ತೆಗೆದುಕೊಂಡರೋ ಅವರೇ, ತಮ್ಮದೇ ದನಿಯಲ್ಲಿ. ಆಮೇಲೆಯೇ ಆಪರೇಟರ್ ಲೈನ್ ಚಾರ್ಜ್ ಮಾಡುತ್ತಾನೆ, ಅಂದರೆ ಕರೆಂಟು ಬಿಡುತ್ತಾನೆ. ಒಮ್ಮೆ ಚಿಗಟೇರಿಯ ಕಡೆ ಮಳೆಯಲ್ಲಿ ಇವರಿನ್ನೂ ಕಂಬದ ಮೇಲಿದ್ದಾಗ, ಕೆಲಸ ಮುಗಿಯಿತೆಂದು ತಿಳಿದ ಯಾರೋ ಹೊಸಬ ಊರೊಳಗಿನ ಗಿರಣಿಯಿಂದ ಫೋನು ಮಾಡಿ ಎಲ್‌ಸಿ ವಾಪಸ್ ಎಂದಿದ್ದ. "ಜಂಬಣ್ಣನ ಧ್ವನಿ ಕೇಳಸು, ಆಮ್ಯಾಲ ನೋಡೂಣು" ಎಂದು ಹೊನ್ನೂರಸ್ವಾಮಿ ಫೋನಿಟ್ಟಿದ್ದರು. ಆ ಒಂದು ಮಾತಿನಿಂದ ನನ್ನ ಗಂಡ ಅವತ್ತು ಮನೆಗೆ ಬಂದರು.

ಹಾಗಾಗಿ ಇಬ್ಬರು ಮುದುಕರೂ ಆಟಕ್ಕೂ ಅದೇ ಕಟ್ಟಳೆ ಮಾಡಿಕೊಂಡರು. ಬೆಳಿಗ್ಗೆ ಹಿಡಿಕೆ ಕೈಗೆ ತೆಗೆದುಕೊಳ್ಳುವ ಮೊದಲು ಇವರು ಫೋನು ಹಚ್ಚುತ್ತಿದ್ದರು. "ಹೊನ್ನೂರ, ಎಲ್‌ಸಿ ಕೊಡಪಾ, ಕೂಸು ಏರತೈತಿ." ಅತ್ತಲಿಂದ "ಕೊಟ್ಟೆ, ಹುಷಾರು." ಆಟ ಮುಗಿಸಿದ ಮೇಲೆ ಮತ್ತೆ ಫೋನು. "ಆಳು, ಸಾಮಾನು ಎಲ್ಲಾ ಕೆಳಗ ಇಳದಾವು. ಲೈನ್ ವಾಪಸ್ ತಗೋ." ಸೊಸೆ ಗೀತಾಂಜಲಿ ಅಡುಗೆಮನೆಯಲ್ಲಿ ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಅವರ ಬಲಗೈ ನಿಧಾನವಾಗಿ ಲೋಟ ಹಿಡಿಯುವಷ್ಟಾಯಿತು.

ಬೇಸಿಗೆಯ ಒಂದು ದಿನ ಅವರು ಕೊನೆಯ ಗೋಪುರಕ್ಕೆ ಬಂದಿದ್ದರು. ಅದರ ತುದಿಯಲ್ಲಿ ಒಂದು ಗಂಟೆ ಇದೆಯಂತೆ, ಅದನ್ನು ಬಾರಿಸಿದರೆ ಆಟ ಮುಗಿಯುತ್ತದಂತೆ. ಬೆಳಿಗ್ಗೆ ಎಲ್‌ಸಿ ತೆಗೆದುಕೊಂಡಿದ್ದರು. ಊಟದ ಹೊತ್ತಿಗೆ ಅರ್ಧ ಗೋಪುರ ಹತ್ತಿ, ಒಂದು ಕಲ್ಲಿನ ತೊಲೆಗೆ ಹುಡುಗಿ ಜೋತಾಡುತ್ತಿರುವಾಗಲೇ ಆಟವನ್ನು ತಡೆದು ನಿಲ್ಲಿಸಿದರು. "ಯಾಕೋ ಸಾಕಾತು. ಒಂದೀಟು ಅಡ್ಡಾಗ್ತೀನಿ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಚಹಾಕ್ಕೆ ಎಬ್ಬಿಸಲು ಹೋದಾಗ ನಾನು, ಅವರ ಹಾಗೆಯೇ, ಹಿಂಗೈಯಿಂದ ಅವರ ಹಣೆ ಮುಟ್ಟಿದೆ. ತಣ್ಣಗಿತ್ತು.

ಮಣ್ಣು ಕೊಟ್ಟು ಬಂದ ಸಂಜೆ ಹೊನ್ನೂರಸ್ವಾಮಿ ಕಟ್ಟೆಯ ಮೇಲೆ ಕುಳಿತಿದ್ದರು. ಆಮೇಲೆ, "ಅಕ್ಕಾರ, ಅವನ ಎಲ್‌ಸಿ ಇನ್ನೂ ನನ್ನ ಕಡೇನ ಐತ್ರಿ" ಅಂದರು. ನಗಿಸಲು ಹೇಳಿದ್ದು. ಇಬ್ಬರಿಗೂ ನಗು ಬರಲಿಲ್ಲ.

ಆ ಮಾತು ನನ್ನೊಳಗೆ ಕುಳಿತುಬಿಟ್ಟಿತು. ಮಗ ಅರುಣಕುಮಾರ್ ಟಿವಿ ಆರಿಸಿದ್ದ. ಪೆಟ್ಟಿಗೆಯನ್ನು ಆರಿಸಲು ನಾನು ಬಿಡಲಿಲ್ಲ. ಕರೆಂಟು ಹೋದರೂ ನಮ್ಮ ಮನೆಯಲ್ಲಿ ಯುಪಿಎಸ್ ಇತ್ತು. ಲೈನ್‌ಮನ್ ಮನೆಯೇ ಕತ್ತಲಾದರೆ ಊರು ನಗುತ್ತದೆ ಎಂದು ಇವರೇ ಹಾಕಿಸಿದ್ದು. ಹಾಗಾಗಿ ಬೇಸಿಗೆ ಕಳೆದು ಮಳೆಗಾಲ ಮುಗಿಯುವವರೆಗೂ ಆ ಕೋಣೆಯಲ್ಲಿ ಹುಡುಗಿ ಜೋತಾಡುತ್ತಲೇ ಇದ್ದಳು. ಪೆಟ್ಟಿಗೆಯ ಮುಂದಿನ ಸಣ್ಣ ಬೆಳಕು ಬೀಡಿಯ ತುದಿಯ ಹಾಗೆ ಕಾಣುತ್ತಿತ್ತು. ಅದರೊಳಗಿನ ಫ್ಯಾನು ಒಮ್ಮೊಮ್ಮೆ ಜೋರಾಗಿ ಉಸಿರು ಬಿಟ್ಟು ಸುಮ್ಮನಾಗುತ್ತಿತ್ತು. ಮುಸ್ಸಂಜೆ ಕಸ ಹೊಡೆದ ಮೇಲೆ ನಾನು ಟಿವಿ ಹಚ್ಚಿ ನೋಡುತ್ತಿದ್ದೆ. ಎರಡೂ ಕೈ ತೊಲೆಗೆ ಕೊಟ್ಟು, ಜಡೆ ಗಾಳಿಯಲ್ಲಿ ಅರ್ಧಕ್ಕೆ ನಿಂತು, ಅವಳು ಬೆನ್ನು ತೋರಿಸಿಕೊಂಡು ತೂಗುತ್ತಿದ್ದಳು. ಒಮ್ಮೆಯಾದರೂ ಮುಖ ತಿರುಗಿಸಿ ನನ್ನನ್ನು ನೋಡುತ್ತಾಳೇನೋ ಎಂದು ಭಯವಾಗುತ್ತಿತ್ತು. ಆದರೂ ಮರುದಿನ ಮತ್ತೆ ಹಚ್ಚುತ್ತಿದ್ದೆ.

ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡುವುದು ನಮ್ಮಲ್ಲಿ ನಡೆದುಬಂದದ್ದು. ಹೋದವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಅವರ ಕೋಣೆಯಲ್ಲಿ ಬಡಿಸಿಟ್ಟು, ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಹೊರಗೆ ನಿಲ್ಲಬೇಕು. ಅವರು ಬಂದು ಉಂಡು ಹೋಗುವಷ್ಟು ಹೊತ್ತು ಬಿಟ್ಟು, ಒಮ್ಮೆ ಕೆಮ್ಮಿ ಒಳಗೆ ಹೋಗಬೇಕು. ಉಣ್ಣುವವರ ಮೇಲೆ ದಿಢೀರನೆ ಹೋಗಬಾರದು. ಹೋಳಿಗೆ, ಬದನೆಕಾಯಿ ಪಲ್ಯ, ರೊಟ್ಟಿ ಇಟ್ಟೆವು. ಅವರ ಪಂಚೆ, ಕೆಂಪು ಹಿಡಿಯ ಕಟಿಂಗ್ ಪ್ಲೇಯರ್ ಇಟ್ಟೆವು. ಹಿಡಿಕೆಯನ್ನೂ ಕಂಚಿನ ತಟ್ಟೆಗೆ ಒತ್ತಿ ಇಟ್ಟೆ. ಅವರು ಬಂದರೆ ಅದನ್ನು ಮೊದಲು ಹುಡುಕುತ್ತಾರೆ ಎಂದು ಟಿವಿಯನ್ನೂ ಹಚ್ಚಿ ಬಾಗಿಲು ಮುಂದೆ ಮಾಡಿದೆ.

ನಾವು ಮೂವರೂ ಪಡಸಾಲೆಯಲ್ಲಿ ನಿಂತಿದ್ದೆವು. ಒಳಗೆ ಗುರ್ರ್ ಎಂದಿತು. ಕಂಚಿನ ತಟ್ಟೆ ಗಣಗಣ ನಡುಗಿತು.

"ಯವ್ವಾ, ಏನದು?" ಅರುಣನ ಮುಖ ಬಿಳಿಚಿಕೊಂಡಿತು.

"ಹೋಗಬ್ಯಾಡ" ಎಂದೆ. ಉಣ್ಣುವ ಹೊತ್ತು ಮುಗಿದಿರಲಿಲ್ಲ. ಗೀತಾಂಜಲಿ ನನ್ನ ಮುಂಗೈ ಹಿಡಿದುಕೊಂಡಳು. ಕೊನೆಗೆ ನಾನು ಕೆಮ್ಮಿದೆ.

ಒಳಗೆ ಯಾರೂ ಇರಲಿಲ್ಲ. ಹಿಡಿಕೆ ಮೆಲ್ಲಗೆ ಜಾರಿ, ತಟ್ಟೆಯ ಅಂಚು ಅದರ ನಡುವಿನ ಗುಂಡಿಯನ್ನು ಒತ್ತಿ, ನಿಂತಿದ್ದ ಆಟ ಮುಂದಕ್ಕೆ ನಡೆದಿತ್ತು. ಹುಡುಗಿಯನ್ನು ಹಿಡಿದುಕೊಳ್ಳಲು ಅಲ್ಲಿ ಕೈ ಇರಲಿಲ್ಲ. ಅಷ್ಟು ತಿಂಗಳು ಜೋತಾಡಿದವಳು ಬಿದ್ದಿದ್ದಳು. ತೊಲೆಯ ಬಳಿ ಒಂದು ಹೊಸ ದೀಪ ಉರಿಯುತ್ತಿತ್ತು. ಅವಳು ಗೋಪುರದ ಬುಡದಲ್ಲಿ ಎದ್ದು ನಿಂತಿದ್ದಳು. ಈ ಸಲ ಅವಳ ಮುಖ ನಮ್ಮ ಕಡೆಗಿತ್ತು.

"ಇನ್ನಾರ ಅದನ್ನ ಆರಸಿಬಿಡವ್ವಾ" ಎಂದ ಅರುಣ.

"ಹೆಂಗ ಆರಸ್ಲಿ? ನಿಮ್ಮಪ್ಪ ಎಲ್‌ಸಿ ತಗೊಂಡು ಹೋಗ್ಯಾರ. ಲೈನ್ ಇನ್ನೂ ಅವರ ಹೆಸರಿನ್ಯಾಗ ಐತಿ."

ಅವನು ಗೀತಾಂಜಲಿಯ ಮುಖ ನೋಡಿದ. ಮುದುಕಿಗೆ ಬುದ್ಧಿ ಕೆಟ್ಟಿತೇ ಎಂದು ಕೇಳುವ ನೋಟ. ಅವಳು ಬಾಗಿ ಹಿಡಿಕೆಗೆ ತಾಗಿದ್ದ ಹೋಳಿಗೆಯ ತುಪ್ಪವನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟಳು.

ಸಂಜೆ ಹೊನ್ನೂರಸ್ವಾಮಿಗೆ ಫೋನು ಮಾಡಿದೆ. ಮೊದಲ ಗಂಟೆಗೇ ಎತ್ತಿದರು. ಅವರು ಯಾವಾಗಲೂ ಹಾಗೆಯೇ ಎತ್ತುತ್ತಿದ್ದರೆಂಬುದು ಆಗ ನೆನಪಾಯಿತು. ಎಲ್‌ಸಿಯನ್ನು ನಾನೇ ವಾಪಸ್ ಮಾಡಲೇ ಎಂದು ಕೇಳಿದೆ.

"ಕೆಲಸ ಮುಗೀದ ಹೆಂಗ ತಗೊಳ್ಳಲಿ ಅಕ್ಕಾರ? ಗಂಟಿ ಹೊಡದು ಕೂಸು ಕೆಳಗ ಇಳದ್ಲು ಅಂದ್ರ ನೋಡೂಣು. ಅದೂ ಅವನ ದನಿ ಬೇಕಲ್ಲ, ರೂಲ್ ಐತಿ" ಎಂದರು. ಆಮೇಲೆ ಮೆಲ್ಲಗೆ, "ನೀವು ಏರ್ತೀರೇನು?" ಎಂದರು.

"ಏರ್ತೀನಿ."

ಗಂಗಾಧರ ಅಂಗಡಿ ಮುಚ್ಚಿಕೊಂಡು ಬಂದು ಎಲ್ಲ ಕಲಿಸಿಕೊಟ್ಟ. ಯಾವುದು ಹಾರುವುದು, ಯಾವುದು ಜೀಕುವುದು, ಮಲಗುವ ತಾವು ಎಲ್ಲೆಲ್ಲಿವೆ. ಹೋಗುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತ ತಡವರಿಸಿದ.

"ಅಮ್ಮಾರ, ಒಂದು ಮಾತು. ಮ್ಯಾಲಿನ ಗಂಟಿ ಹೊಡದ್ರ ಆಟ ಮುಗದು ಹೊಸದಾಗಿ ಶುರು ಆಗತೈತಿ. ದೀಪ ಒಂದೂ ಉಳಿಯಂಗಿಲ್ರಿ. ಕಾಕಾರ ದೀಪಾನೂ ಅಷ್ಟ."

ಅವನು ಹೋದ ಮೇಲೆ ನಾನು ಹಿಡಿಕೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತೆ. ಅವರ ಫೋಟೋ ಒಂದಿದೆ, ನಿವೃತ್ತಿಯಾದಾಗ ಆಫೀಸಿನವರು ಹಾರ ಹಾಕಿ ಕಳಿಸಿದ ದಿನದ್ದು. ಅದರಲ್ಲಿ ಅವರು ಬೇರೆ ಯಾರೋ ಆಗಿ ನಿಂತಿದ್ದಾರೆ. ಅವರು ಅಲುಗಾಡುವುದನ್ನು ನೋಡಬೇಕೆಂದರೆ ಈ ದೀಪಗಳ ಹತ್ತಿರವೇ ಹೋಗಬೇಕು. ಹತ್ತದಿದ್ದರೆ ಲೈನು ಅವರ ಹೆಸರಿನಲ್ಲಿ ಸತ್ತೇ ಬಿದ್ದಿರುತ್ತದೆ. ಹತ್ತಿ ಮುಗಿಸಿದರೆ ದೀಪ ಹೋಗುತ್ತವೆ. ಮೊದಲು ಹತ್ತೋಣ, ಗಂಟೆಯ ಮಾತು ಆಮೇಲೆ ಎಂದುಕೊಂಡೆ.

ನನ್ನ ವಯಸ್ಸಿಗೆ ಬೆರಳುಗಳು ಹೇಳಿದ ಮಾತು ಕೇಳುವುದಿಲ್ಲ. ಎಷ್ಟು ಸಲ ಬಿದ್ದೆನೆಂದರೆ ಬುಡದ ತುಂಬ ನನ್ನವೇ ದೀಪ. ಹಾಗೆ ಬಿದ್ದು ಏಳುತ್ತ ಅವರ ಮೊದಲ ದೀಪದ ಹತ್ತಿರ ಹೋದ ಸಂಜೆ ಮೈ ಜುಮ್ಮೆಂದಿತು. ಬೂದಿ ಬಣ್ಣದ ನೆರಳು ಎದ್ದಿತು, ಗೋಡೆ ಹಿಡಿಯಿತು. ಎಡಗೈ ಭದ್ರವಾಗಿತ್ತು. ಬಲಗೈ ಹಿಡಿಯಿತು, ಸ್ವಲ್ಪ ಹೊತ್ತು ನಡುಗಿತು, ನಿಧಾನವಾಗಿ ಬಿಟ್ಟುಕೊಂಡಿತು. ಚಹಾದ ಲೋಟ ಬಿಟ್ಟ ಹಾಗೆಯೇ. ನೆರಳು ಒಂದೇ ಕೈಯಲ್ಲಿ ತೂಗಿ ಮಂಜಿನೊಳಗೆ ಹೋಯಿತು. ಜಡೆ ಹಾಕಿದ ಹುಡುಗಿಯ ಮೈಯಲ್ಲಿ ನನ್ನ ಗಂಡನ ಸೋತ ಕೈ ಇತ್ತು.

ಅವರು ಬಿದ್ದ ಕಡೆ ನಾನು ಕಾಲಿಡಲಿಲ್ಲ. ಹಾಗೆ ಅವರೇ ನನ್ನನ್ನು ಹತ್ತಿಸಿಕೊಂಡು ಹೋದರು. ಒಂದು ಕಡೆ ಮಾತ್ರ ದೀಪಗಳು ಗುಂಪಾಗಿ ಉರಿಯುತ್ತಿದ್ದವು. ಅಷ್ಟು ಸುಲಭದ ಜಾಗದಲ್ಲಿ ಇವರು ಯಾಕೆ ಇಷ್ಟು ಸಲ ಬಿದ್ದರೆಂದು ಅರ್ಥವಾಗಲಿಲ್ಲ. ಹತ್ತಿರ ಹೋಗಿ ನೋಡಿದರೆ ದಾರಿಯ ಕಲ್ಲಿನ ಮೇಲೆ ಒಂದು ಹಕ್ಕಿಯ ಗೂಡು ಇತ್ತು. ತುಳಿದುಕೊಂಡು ಹೋದರೆ ಒಂದೇ ಹೆಜ್ಜೆ. ಇವರು ಅದನ್ನು ತುಳಿಯದೆ, ಹೊರಗಿನ ಗೋಡೆಗೆ ಜೋತು ಸುತ್ತಿಕೊಂಡು ಹೋಗಲು ನೋಡಿದ್ದರು. ಆ ಸೋತ ಕೈಯಲ್ಲಿ, ಮತ್ತೆ ಮತ್ತೆ. ಕಂಬದ ಮೇಲೆ ಕಾಗೆ ಗೂಡು ಕಟ್ಟಿದರೂ ಮರಿ ಹಾರುವವರೆಗೆ ಅದನ್ನು ಕೀಳದೆ ಬಿಡುತ್ತಿದ್ದವರು ಅವರು. ನಾನೂ ಸುತ್ತಿಕೊಂಡೇ ಹೋದೆ. ಎರಡು ಸಂಜೆ ಬೇಕಾಯಿತು.

ಕಲ್ಲಿನ ತೊಲೆಗೆ ಬಂದೆ. ಎಡೆಯ ದಿನ ಬಿದ್ದ ನೆರಳು ಅಲ್ಲಿ ಎದ್ದಿತು, ಎರಡೂ ಕೈ ಒಟ್ಟಿಗೆ ಬಿಚ್ಚಿಕೊಂಡು ನಿದ್ದೆಗೆ ಜಾರಿದ ಹಾಗೆ ಬಿದ್ದಿತು. ಅಲ್ಲಿಂದ ಮುಂದೆ ಒಂದೂ ದೀಪವಿರಲಿಲ್ಲ. ಕತ್ತಲು, ಗಾಳಿಯ ಸದ್ದು. ತೊಲೆಯ ಪಕ್ಕದ ಮಲಗುವ ತಾವಿನಲ್ಲಿ ಹುಡುಗಿಯನ್ನು ಮಲಗಿಸಿ ಟಿವಿ ಆರಿಸಿದೆ. ಮರುದಿನವೂ ಅಷ್ಟೇ. ಅದರ ಮರುದಿನವೂ. ಮುಂದೆ ಹೋಗಲು ನನಗೆ ಧೈರ್ಯ ಬರಲಿಲ್ಲ. "ದೀಪ ಇಲ್ಲ ನೋಡವ್ವ ಅಲ್ಲಿ. ಅವರು ಅಲ್ಲಿಗಂಟಾನ ಬಂದಿದ್ದು" ಎಂದು ರೊಟ್ಟಿ ಬಡಿಯುತ್ತಿದ್ದ ಗೀತಾಂಜಲಿಗೆ ಹೇಳಿದ್ದೆ. ಅವಳು ಹೂಂ ಎಂದಿದ್ದಳು.

ಮರುದಿನ ಸಂಜೆ ಟಿವಿ ಹಚ್ಚಿದಾಗ ತೊಲೆಯ ಆಚೆ ಒಂದು ದೀಪ ಉರಿಯುತ್ತಿತ್ತು.

ನನ್ನ ಕೈಯಿಂದ ಹಿಡಿಕೆ ಮಡಿಲಿಗೆ ಬಿತ್ತು. ಎಷ್ಟೋ ಹೊತ್ತಾದ ಮೇಲೆ ಧೈರ್ಯ ಮಾಡಿ ಹುಡುಗಿಯನ್ನು ಅದರ ಹತ್ತಿರ ಕರೆದುಕೊಂಡು ಹೋದೆ. ನೆರಳು ಎದ್ದಿತು. ಕಲ್ಲಿನ ಅಂಚಿಗೆ ನಡೆಯಿತು. ಬಲಗೈಯಿಂದ ಗೋಡೆಯನ್ನು ಗಟ್ಟಿಯಾಗಿ ಹಿಡಿದು ಬಾಗಿ ಕೆಳಗೆ ನೋಡಿತು. ಆ ಕೈ ನಡುಗಲಿಲ್ಲ. ಆಮೇಲೆ ಬೇಕೆಂದೇ, ಬಾವಿಗೆ ಧುಮುಕುವವರ ಹಾಗೆ, ಬರಿ ಗಾಳಿಗೆ ಹಾರಿತು.

ಅವರ ಕೈ ವಾಸಿಯಾಗಿದೆ ಎಂದುಕೊಂಡೆ. ಅಲ್ಲಿ ಹೋದ ಮೇಲೆ ವಾಸಿಯಾಗಿದೆ. ನಾನು ದೀಪವಿಲ್ಲವೆಂದು ಅಂದದ್ದು ಅವರಿಗೆ ಕೇಳಿಸಿದೆ.

ಆ ದಿನಗಳಲ್ಲಿ ನಾನು ಮನೆಯಲ್ಲಿ ಬೆನ್ನ ಹಿಂದೆ ನೋಡದೆ ಓಡಾಡಿದೆ. ನೋಡಿದರೆ ಹೋಗಿಬಿಟ್ಟಾರು ಎಂಬ ಅಂಜಿಕೆ, ಹೋಗದೆ ನಿಂತಿದ್ದರೆ ಏನು ಮಾಡಲಿ ಎಂಬ ಅಂಜಿಕೆ. ಪ್ರತಿ ಸಂಜೆ ಹೊಸದೊಂದು ದೀಪ. ಎಲ್ಲಿ ಕಲ್ಲು ಸಡಿಲವೋ, ಎಲ್ಲಿ ಗಾಳಿ ಎಳೆಯುತ್ತದೋ ಸರಿಯಾಗಿ ಅಲ್ಲಿ. ಅವುಗಳನ್ನು ತಪ್ಪಿಸಿ ನಾನು ಮೇಲೆ ಹೋದೆ. ಹೊನ್ನೂರಸ್ವಾಮಿಗೆ ಮಾತ್ರ ಹೇಳಿದೆ. ಅವರು ಕೈಯಲ್ಲಿದ್ದ ಮಂಡಕ್ಕಿಯನ್ನು ತಟ್ಟೆಗೆ ಹಾಕಿ, "ಅಂವ ಯಾವತ್ತೂ ಹೊಸಬರಿಗಿಂತ ಮೊದಲು ತಾನ ಏರತಿದ್ದ್ರಿ" ಎಂದು ಟವೆಲ್ಲಿನಿಂದ ಮುಖ ಒರೆಸಿಕೊಂಡರು.

ಮಧ್ಯಾಹ್ನ ನಾನು ಗುಡಿಯ ಕಡೆ ಹೋಗಿ ಹೆಂಗಸರ ಜೊತೆ ಸ್ವಲ್ಪ ಹೊತ್ತು ಕುಳಿತು ಬರುವುದು ರೂಢಿ. ಒಂದು ದಿನ ಬಿಸಿಲು ಹೆಚ್ಚೆನಿಸಿ ಅರ್ಧ ದಾರಿಯಿಂದಲೇ ತಿರುಗಿದೆ. ಪಡಸಾಲೆಗೆ ಬಂದರೆ ಕೋಣೆಯ ಬಾಗಿಲು ಮುಂದೆ ಮಾಡಿತ್ತು. ಒಳಗೆ ಗುರ್ರ್ ಎಂದಿತು.

ಎಡೆಯ ದಿನ ನಿಂತ ಜಾಗದಲ್ಲೇ ನಿಂತೆ. ಇನ್ನೇನು ಕೆಮ್ಮಬೇಕು, ಅಷ್ಟರಲ್ಲಿ ಬಳೆಯ ಸದ್ದು ಕೇಳಿಸಿತು.

"ಗಂಗಾಧರಣ್ಣ, ಇದೂ ಸವಕಲು ಕಲ್ಲು ಐತಿ ನೋಡ್ರಿ. ಇಲ್ಲೊಂದು ದೀಪ ಬಿತ್ತು" ಎಂದು ಗೀತಾಂಜಲಿ ಫೋನಿನಲ್ಲಿ ಹೇಳುತ್ತಿದ್ದಳು. ಗಂಗಾಧರನ ದನಿ ಸ್ಪೀಕರಿನಲ್ಲಿ ಬಂತು. "ಇನ್ನೆಷ್ಟು ಬೀಳ್ತೀಯವಾ ತಂಗಿ, ಅಮ್ಮಾರಿಗೆ ಹೇಳಿ ಹಾದಿ ತೋರಿಸಿಬಿಡು."

"ಬ್ಯಾಡಣ್ಣ. ಅತ್ತಿ ಕತ್ತಲಾಗ ಹೆಜ್ಜಿ ಇಡಂಗಿಲ್ಲ, ಅದಕ್ಕ ಬೀಳಾಕ ಹತ್ತೀನಿ. ಮಾವಾರ ಮುಂದ ಹೊಂಟಾರ ಅಂತ ತಿಳಕೊಂಡಾರ ಅವರು. ಹಂಗ ಇರ್ಲಿ. ನೀವೂ ಬಾಯಿ ಬಿಡಬ್ಯಾಡ್ರಿ."

ಮತ್ತೆ ಗುರ್ರ್ ಎಂದಿತು. ಬಿದ್ದಾಗಲೆಲ್ಲ ಹುಡುಗಿ ಮೊದಲು ಮಲಗಿದ್ದ ತಾವಿಗೇ ಹೋಗುತ್ತಾಳೆ. ನಾನು ಬಿಟ್ಟಲ್ಲಿಯೇ ಇರುತ್ತಿದ್ದಳು. ಅದಕ್ಕೆ ನನಗೆ ತಿಳಿದಿರಲಿಲ್ಲ.

ಗೋಡೆ ಹಿಡಿದುಕೊಂಡೆ. ಆ ಗಳಿಗೆಯಲ್ಲಿ ನನ್ನ ಗಂಡ ಎರಡನೆಯ ಸಲ ತೀರಿಕೊಂಡರು. ವಾಸಿಯಾದ ಆ ಬಲಗೈ ನನ್ನ ಸೊಸೆಯದು. ಬೆಳಗಿನಿಂದ ರೊಟ್ಟಿ ಬಡಿದು, ಬಟ್ಟೆ ಒಗೆದು, ಎಲ್ಲರೂ ಅಡ್ಡಾಗುವ ಹೊತ್ತಿನಲ್ಲಿ ಆ ಹುಡುಗಿ ನನಗಾಗಿ ಕುಳಿತು ಬೀಳುತ್ತಿದ್ದಳು. ನಾನು ಸದ್ದಿಲ್ಲದೆ ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತೆ. ಕಣ್ಣು ಒರೆಸಿಕೊಂಡು, ಗೇಟಿನ ಚಿಲಕವನ್ನು ಜೋರಾಗಿ ಬಡಿದು, ಗಟ್ಟಿಯಾಗಿ ಕೆಮ್ಮಿ ಒಳಗೆ ಬಂದೆ. ಟಿವಿ ಆರಿತ್ತು. ಗೀತಾಂಜಲಿ ಅಡುಗೆಮನೆಯಲ್ಲಿ ನೀರು ಕುಡಿಯುತ್ತಿದ್ದಳು.

"ಲಗೂನ ಬಂದ್ರಿ ಅತ್ತಿ?"

"ಬಿಸಿಲು" ಎಂದೆ.

ಅವತ್ತು ಸಂಜೆ ನನ್ನ ಗಂಡ ಎಲ್‌ಸಿ ಬಗ್ಗೆ ಹೇಳುತ್ತಿದ್ದ ಇನ್ನೊಂದು ಮಾತು ನೆನಪಾಯಿತು. ಎಲ್‌ಸಿ ಜೇಬಿನಲ್ಲಿಟ್ಟುಕೊಂಡು ಚಹಾ ಕುಡಿಯುತ್ತ ಕೂರಬಾರದು, ಅಷ್ಟೂ ಹೊತ್ತು ಯಾರದೋ ಮನೆಯಲ್ಲಿ ಕತ್ತಲು ಎನ್ನುತ್ತಿದ್ದರು. ಫೋನಿನ ಮುಂದೆ ಕಾಯುತ್ತ ಕುಳಿತ ಹೊನ್ನೂರಸ್ವಾಮಿ. ಮಧ್ಯಾಹ್ನಗಳನ್ನೆಲ್ಲ ಬೀಳುತ್ತ ಕಳೆಯುತ್ತಿದ್ದ ಗೀತಾಂಜಲಿ. ದೀಪಗಳನ್ನು ನಾನು ನೋಡುತ್ತ ಕುಳಿತಷ್ಟು ದಿನ ಕತ್ತಲಲ್ಲಿ ಇದ್ದವರು ಇವರಿಬ್ಬರು.

"ಬಾರವ್ವಾ, ಇಲ್ಲಿ ಕೂಡು" ಎಂದು ಗೀತಾಂಜಲಿಯನ್ನು ಕರೆದೆ. "ಇವತ್ತ ಮ್ಯಾಲ ಹೊಂಟೀನಿ. ಏರೋರಿಗೆ ಕೆಳಗ ಒಬ್ರು ನೋಡೋರು ಬೇಕು ಅಂತಿದ್ರು ನಿಮ್ಮ ಮಾವ."

ಅವಳು ಒದ್ದೆ ಕೈ ಒರೆಸಿಕೊಂಡು ನನ್ನ ಪಕ್ಕ ಕುಳಿತಳು. ಅವಳ ದೀಪಗಳು ಒಂದೊಂದಾಗಿ ಕೆಳಗೆ ಉಳಿದವು. ಗಾಳಿ ಎಳೆಯುವ ಕಡೆ ಅವಳ ಉಸಿರು ನಿಲ್ಲುತ್ತಿತ್ತು; ನಾನು ದಾಟುತ್ತಲೇ ಹಗುರಾಗುತ್ತಿತ್ತು. ಎಲ್ಲಕ್ಕಿಂತ ಮೇಲೆ, ಗಂಟೆಯ ಕಮಾನಿನ ಕೆಳಗೆ, ಒಂದು ದೊಡ್ಡ ಬಿರುಕಿತ್ತು. ಅಲ್ಲಿ ಯಾರ ದೀಪವೂ ಇರಲಿಲ್ಲ. ಗೀತಾಂಜಲಿಯೂ ಅಲ್ಲಿಯವರೆಗೆ ಬಂದಿರಲಿಲ್ಲವೆಂದು ಅವಳು ನನ್ನ ತೊಡೆ ಒತ್ತಿ ಹಿಡಿದದ್ದರಲ್ಲೇ ತಿಳಿಯಿತು.

ಹುಡುಗಿ ಓಡಿದಳು, ಹಾರಿದಳು, ಮಂಜಿನ ಮೇಲೆ ಒಂದು ಲಾಗ ತಿರುಗಿದಳು. ಆಚೆಯ ಅಂಚಿಗೆ ಎಡಗೈ ಸಿಗಲಿಲ್ಲ. ಬಲಗೈ ಒಂದೇ ಸಿಕ್ಕಿತು. ನನ್ನ ಬಲ ಬೆರಳು ಗಂಗಾಧರ ಅಂಟಿಸಿದ್ದ ಟ್ಯೂಬಿನ ಚೂರಿನ ಮೇಲಿತ್ತು. ಅಷ್ಟು ತಿಂಗಳು ಒತ್ತಿ ಒತ್ತಿ ಅವರ ಬೆರಳು ಅದರಲ್ಲಿ ಒಂದು ಗುಳಿ ಮಾಡಿತ್ತು. ನನ್ನ ಬೆರಳು ಆ ಗುಳಿಯಲ್ಲಿ ಕುಳಿತುಕೊಂಡಿತು. ನಾನು ಬಿಡಬೇಕೆಂದರೂ ಅದು ಬಿಡುತ್ತಿರಲಿಲ್ಲ, ಹಾಗೆ ಕುಳಿತಿತ್ತು. ನನ್ನ ಬೆರಳಿನ ಮೇಲೆ ಇನ್ನೊಂದು ಬೆರಳು ಇದ್ದಂತೆ ಅನ್ನಿಸಿತು. ಅದು ಯಾರದೆಂದು ಪ್ರಶ್ನಿಸುವ ಹೊತ್ತಲ್ಲ ಅದು. ಹುಡುಗಿ ಒಂದೇ ಕೈಯಲ್ಲಿ ತೂಗಿದಳು, ಎಡಗೈ ಎತ್ತಿದಳು, ಮೇಲೆ ಬಂದಳು.

ಮೇಲಿನಿಂದ ಇಡೀ ಕಣಿವೆ ಕಾಣುತ್ತಿತ್ತು. ಕೆಳಗಿನವರೆಗೂ ದೀಪ. ಬುಡದಲ್ಲಿ ನನ್ನವು. ನಡುವೆ ಹಕ್ಕಿಗೂಡಿನ ಸುತ್ತ ಗುಂಪಾಗಿ ಅವರವು. ಮೇಲೆ ಗೀತಾಂಜಲಿಯವು. ನಾನು ಒಂದೊಂದನ್ನೂ ಸಾಕಾಗುವಷ್ಟು ನೋಡಿದೆ. ಅವಳು ಅವಸರ ಮಾಡಲಿಲ್ಲ.

ಗಂಟೆ ಬಾರಿಸಿದೆ.

ಮೇಲಿನಿಂದ ಕೆಳಕ್ಕೆ ದೀಪಗಳು ಆರುತ್ತ ಹೋದವು. ಗೂಡಿನ ಸುತ್ತಲಿನವು ಆರುವಾಗ ನನ್ನ ಬಾಯಿಂದ ಒಂದು ಸದ್ದು ಬಂದಿರಬೇಕು, ಗೀತಾಂಜಲಿ ನನ್ನ ಭುಜ ಹಿಡಿದುಕೊಂಡಳು. ಕತ್ತಲಾಗಿ ಮತ್ತೆ ಬೆಳಕಾದಾಗ ಕಣಿವೆಯಲ್ಲಿ ಬೆಳಗಾಗಿತ್ತು. ಹುಡುಗಿ ನೆಲದ ಮೇಲೆ, ಹುಲ್ಲಿನಲ್ಲಿ, ಎರಡೂ ಕಾಲೂರಿ ನಿಂತಿದ್ದಳು.

"ಮಾವಾರ ದೀಪ ಹೋದವಲ್ಲ ಅತ್ತಿ" ಎಂದು ಅವಳು ಬಿಕ್ಕಿದಳು.

"ನಿನ್ನವೂ ಹೋದವಲ್ಲವ್ವಾ" ಎಂದೆ.

ಅವಳು ನನ್ನ ಮುಖ ನೋಡಿದಳು. ನಾನು ಅವಳ ಬಲಗೈ ತೆಗೆದು ನನ್ನ ಕೈಯಲ್ಲಿಟ್ಟುಕೊಂಡೆ.

ಫೋನು ಹಚ್ಚಿದೆ. ಹೊನ್ನೂರಸ್ವಾಮಿ ಮೊದಲ ಗಂಟೆಗೇ ಎತ್ತಿದರು.

"ಸಬ್‌ಸ್ಟೇಷನ್ನೇನ್ರಿ?" ಎಂದೆ.

"ಹೌದ್ರಿ, ಹೇಳ್ರಿ" ಎಂದರು, ಡ್ಯೂಟಿಯ ದನಿಯಲ್ಲಿ.

"ಜಂಬಣ್ಣನವರ ಎಲ್‌ಸಿ. ಆಳು, ಸಾಮಾನು ಎಲ್ಲಾ ಕೆಳಗ ಇಳದಾವು. ಲೈನ್ ವಾಪಸ್ ತಗೋರಿ."

"ತಗೊಂಡಾಂವ ಮಾತಾಡಬೇಕಲ್ಲ ಅಕ್ಕಾರ." ದನಿ ಒಡೆದಿತ್ತು.

"ಇದು ಅವರದ ಮಾತ್ರಿ. ದಿನಾ ಕೇಳ್ತಿದ್ರಲ್ಲ."

ಅವರು ಮೂಗು ಎಳೆದುಕೊಂಡದ್ದು ಕೇಳಿಸಿತು. "ಹೌದು" ಎಂದರು. "ಅವನದ ಮಾತು. ವಾಪಸ್ ತಗೊಂಡೆ. ಚಾರ್ಜ್ ಮಾಡ್ತೀನಿ, ದೂರ ಸರೀರಿ ಎಲ್ಲಾರೂ."

ಫೋನಿಟ್ಟು ಪೆಟ್ಟಿಗೆಯ ಬಳಿಗೆ ಹೋದೆ. ಬೀಡಿಯ ತುದಿಯಂಥ ಆ ಬೆಳಕು ಇನ್ನೂ ಉರಿಯುತ್ತಿತ್ತು. ಸ್ವಿಚ್ಚು ತೆಗೆಯುವ ಮೊದಲು ಅಂಗೈ ತಿರುಗಿಸಿ ಹಿಂಗೈಯಿಂದ ಅದನ್ನು ಮುಟ್ಟಿದೆ. ಜ್ವರ ಬಿಟ್ಟ ಹಣೆಯ ಹಾಗೆ ಬೆಚ್ಚಗಿತ್ತು. ಸ್ವಿಚ್ಚು ತೆಗೆದು, ಅದು ತಣ್ಣಗಾಗುವವರೆಗೆ ಕೈ ಅಲ್ಲಿಯೇ ಇಟ್ಟುಕೊಂಡು ನಿಂತೆ. ಗೀತಾಂಜಲಿ ಎದ್ದು ಪಡಸಾಲೆಯ ಲೈಟು ಹಚ್ಚಿದಳು.